ಹಾಸಿಗೆ ಹಿಡಿದ ಹಿರಿಯರು, ಹಂಚಿಹೋದ ಹೊಲ: ರಾಯಚೂರು ಸೀಮೆಯ ಒಂದು ಚರಿತ್ರೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಯಲ್ಲಿ ಕಾಯಿಲೆ ಬಿದ್ದ ತಂದೆ ತಾಯಿಯ ಆರೈಕೆಯನ್ನು ಬಹುಕಾಲ ತೀರ್ಮಾನಿಸುತ್ತಿದ್ದದ್ದು ಜಮೀನು. ಗಂಜಿ ಕುಡಿಸುವವರು ಯಾರು, ಹಾಸಿಗೆ ಯಾರ ಪಡಸಾಲೆಯಲ್ಲಿ, ದವಾಖಾನೆಯ ಖರ್ಚು ಯಾರ ತಲೆಯ ಮೇಲೆ ಎಂಬ ಪ್ರಶ್ನೆಗಳನ್ನು ಊರಿನ ಪಂಚರು ಪ್ರತ್ಯೇಕವಾಗಿ ಎತ್ತುತ್ತಿರಲಿಲ್ಲ. ಹೊಲದ ಪಾಲು ಮಾಡುವಾಗ ಅವೂ ತೀರುತ್ತಿದ್ದವು. ರಾಯಚೂರು ನಗರ, ದೇವದುರ್ಗ, ಮಾನ್ವಿ ಈ ಮೂರೂ ಕಡೆ ಆಳ್ವಿಕೆ ಹಲವು ಸಲ ಬದಲಾಯಿತು, ಕಾಯ್ದೆಯ ಭಾಷೆಯೂ ಬದಲಾಯಿತು. ಪಾಲು ಮತ್ತು ಆರೈಕೆಯ ನಂಟು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದುಬಂದಿದೆ.

ಈ ನಂಟಿಗೆ ಶಾಸ್ತ್ರದ ಆಧಾರ ದೊರೆತದ್ದು ಇದೇ ಭಾಗದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನ ಬಂಗಾಳ, ಅಸ್ಸಾಂ ಬಿಟ್ಟು ಭಾರತದ ಬಹುಭಾಗದ ಹಿಂದೂ ಕುಟುಂಬ ಕಾನೂನಾಯಿತು. ಅದರ ತಿರುಳು ಒಂದೇ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಈ ಹಕ್ಕನ್ನು ಎಲ್ಲರೂ ನೆನೆಯುತ್ತಾರೆ. ಕಾಯಿಲೆಯ ಬಗ್ಗೆ ಅದೇ ಗ್ರಂಥ ಹೇಳುವುದು ಅಷ್ಟು ಪ್ರಸಿದ್ಧವಲ್ಲ. ತಂದೆಗೆ ಮುಪ್ಪಾಗಿ, ಬುದ್ಧಿ ಕೆಟ್ಟು, ವಾಸಿಯಾಗದ ರೋಗ ಹತ್ತಿಕೊಂಡರೆ ಅವನ ಇಚ್ಛೆಗೆ ವಿರುದ್ಧವಾಗಿಯೂ ಮಕ್ಕಳು ಪಾಲು ಮಾಡಿಕೊಳ್ಳಬಹುದು ಎಂಬ ಶಂಖಸ್ಮೃತಿಯ ವಚನವನ್ನು ಮಿತಾಕ್ಷರೆ ಒಪ್ಪಿಕೊಳ್ಳುತ್ತದೆ. ಮುದಿ ತಂದೆ ತಾಯಿಯನ್ನು ಎಂಥ ಪಾಡು ಪಟ್ಟಾದರೂ ಸಾಕಲೇಬೇಕು ಎಂಬ ಮನುವಿನ ಮಾತೂ ಅದರಲ್ಲೇ ಇದೆ. ಮೊದಲನೆಯದು ಮಗನಿಗೆ ಸಿಕ್ಕ ಹಕ್ಕು, ಎರಡನೆಯದು ಅವನ ಮೇಲೆ ಹೊರಿಸಿದ ಕರ್ತವ್ಯ. ಹಕ್ಕನ್ನು ಪಂಚರ ಮುಂದೆ ಕೇಳಿ ಪಡೆಯಬಹುದಿತ್ತು. ಕರ್ತವ್ಯವನ್ನು ನಡೆಸಿಕೊಡುವುದು ಮಗನ ಮನಸ್ಸಿಗೆ ಮತ್ತು ಊರಿನ ನಾಲಿಗೆಗೆ ಬಿಟ್ಟದ್ದಾಗಿತ್ತು. ಮುಂದಿನ ಎಂಟುನೂರು ವರ್ಷಗಳ ತೊಡಕಿನ ಬೇರು ಇಲ್ಲೇ ಇದೆ.

ರೋಗವು ಹಕ್ಕು ಕಳೆಯುವ ಕಾರಣವೂ ಆಗಿತ್ತು. ಹುಟ್ಟುಕುರುಡು, ಬುದ್ಧಿಭ್ರಮಣೆ, ವಾಸಿಯಾಗದ ಕಾಯಿಲೆ ಇರುವವರಿಗೆ ಪಾಲಿಲ್ಲ, ಹೊಟ್ಟೆಬಟ್ಟೆಗೆ ಕೊಡಬೇಕು ಅಷ್ಟೇ ಎಂಬುದು ಹಳೆಯ ನಿಯಮ. ಬ್ರಿಟಿಷ್ ಇಂಡಿಯಾದಲ್ಲಿ 1928ರ ಕಾಯ್ದೆ ಇದನ್ನು ಬಹಳಮಟ್ಟಿಗೆ ಸಡಿಲಿಸಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿಗೆ ಬ್ರಿಟಿಷ್ ಇಂಡಿಯಾದ ಕಾಯ್ದೆಗಳು ತಾವಾಗಿಯೇ ಅನ್ವಯಿಸುತ್ತಿರಲಿಲ್ಲ. ಕಾಯಿಲೆಯ ಕಾರಣಕ್ಕೆ ವಾರಸು ತಪ್ಪುವುದು ಇಡೀ ದೇಶದ ಹಿಂದೂಗಳಿಗೆ ನಿಂತದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ.

ಗಂಡು ಮಕ್ಕಳಿಲ್ಲದ ಮನೆಗಳು ಬೇರೆ ದಾರಿ ಹುಡುಕಿಕೊಂಡಿದ್ದವು. ಉಳ್ಳವರು ದತ್ತು ತೆಗೆದುಕೊಂಡರು, ಇಲ್ಲವೇ ಮನೆಅಳಿಯನನ್ನು ತಂದುಕೊಂಡರು. ರಾಯಚೂರು, ಬಳ್ಳಾರಿ, ಕೊಪ್ಪಳ ಸೀಮೆಯ ಬಡ ದಲಿತ ಮತ್ತು ಬೇಡರ ಮನೆಗಳಲ್ಲಿ ಮಗಳನ್ನು ದೇವರಿಗೆ ಬಿಡುವ ಪದ್ಧತಿ ಬೆಳೆಯಿತು. ಎಲ್ಲಮ್ಮ, ಹುಲಿಗೆಮ್ಮ ಅಥವಾ ಹನುಮಂತನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಬಸವಿ ಮದುವೆಯಾಗಿ ಗಂಡನ ಮನೆಗೆ ಹೋಗುವಂತಿಲ್ಲ. ತವರಲ್ಲೇ ಉಳಿದು, ಮಗನ ಸ್ಥಾನದಲ್ಲಿ ನಿಂತು ತಂದೆ ತಾಯಿಯ ಮುಪ್ಪು ನೋಡಿಕೊಳ್ಳಬೇಕು, ಅವರ ಮಣ್ಣು ಮಾಡಬೇಕು. ಪ್ರತಿಯಾಗಿ ತಂದೆಯ ಆಸ್ತಿ ಅವಳಿಗೆ, ಅವಳ ಮಕ್ಕಳಿಗೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ ಬಳ್ಳಾರಿ ಕಡೆಯ ಬಸವಿಯರ ವಿವರ ಇದೆ. ಭಕ್ತಿಯ ಬಟ್ಟೆ ತೆಗೆದು ನೋಡಿದರೆ ಇದು ಪಿಂಚಣಿ ಇಲ್ಲದ ಸಮಾಜವೊಂದು ಮುಪ್ಪಿಗಾಗಿ ಮಾಡಿಕೊಂಡ ಏರ್ಪಾಟು. ಅದರ ಬೆಲೆಯನ್ನು ಏನೂ ತಿಳಿಯದ ವಯಸ್ಸಿನ ಹುಡುಗಿಯೊಬ್ಬಳು ತನ್ನ ಬಾಳಿಡೀ ತೆರಬೇಕಾಗಿತ್ತು.

ಹೀಗೆ ದೇವರಿಗೆ ಬಿಡುವುದನ್ನು ತಡೆಯುವ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಸರ್ಕಾರ 1993–94 ಮತ್ತು 2007–08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿದವು. ಅವರು ಇದ್ದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ತಂದೆ ತಾಯಿಯ ಮುಪ್ಪಿಗಾಗಿ ಮುಡಿಪಾದ ಆ ಹೆಣ್ಣುಮಕ್ಕಳಲ್ಲಿ ಹಲವರು ಈಗ ತಾವೇ ಮುದುಕಿಯರಾಗಿ ಸರ್ಕಾರದ ಮಾಸಾಶನ ನಂಬಿದ್ದಾರೆ.

ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಹುಟ್ಟಿನಿಂದ ಬರುವ ಪಾಲು ಎಂಬುದಿಲ್ಲ, ತಂದೆ ಬದುಕಿರುವವರೆಗೆ ಆಸ್ತಿ ಅವನದೇ. ಬದುಕಿರುವಾಗ ಹಿಬಾ (ದಾನ) ಮಾಡಿ ಕೊಡಬಹುದು, ಆದರೆ ವಶ ಬಿಟ್ಟುಕೊಟ್ಟರೆ ಮಾತ್ರ ಅದು ಪೂರ್ತಿಯಾಗುತ್ತದೆ. ವಸಿಯತ್ತು ಬರೆದರೆ ಆಸ್ತಿಯ ಮೂರನೆಯ ಒಂದು ಭಾಗಕ್ಕಷ್ಟೇ ನಡೆಯುತ್ತದೆ. ಸಾವಿನ ಹಾಸಿಗೆಯಲ್ಲಿ ಮಾಡಿದ ದಾನಕ್ಕೂ ಅದೇ ಮಿತಿ. ಮರಣಕ್ಕೆ ಕಾರಣವಾದ ರೋಗದಲ್ಲಿದ್ದವನು ಯಾರೋ ಒಬ್ಬರ ಒತ್ತಾಯಕ್ಕೆ ಎಲ್ಲವನ್ನೂ ಬರೆದುಕೊಟ್ಟುಬಿಡದಂತೆ ಹಾಕಿದ ಕಟ್ಟು ಇದು. ರೋಗಿಯ ದುರ್ಬಲ ಗಳಿಗೆಯನ್ನು ಗುರುತಿಸಿ ಕಾಯುವ ವಿಷಯದಲ್ಲಿ ಇಸ್ಲಾಮೀ ಕಾನೂನು ಮಿತಾಕ್ಷರೆಗಿಂತ ಮುಂದಿತ್ತು ಎನ್ನಬೇಕು.

ನಿಜಾಮರ ಕಾಲದಲ್ಲಿ ಈ ವ್ಯವಹಾರಗಳು ಕಾಗದಕ್ಕೆ ಇಳಿದವು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಬಂದು ಅದೇ ಕಚೇರಿಯ ಭಾಷೆಯಾಯಿತು. ಕನ್ನಡವೋ ತೆಲುಗೋ ಆಡುವ ರೈತ ತನಗೆ ಓದಲು ಬಾರದ ಲಿಪಿಯಲ್ಲಿ ಬೈನಾಮೆ (ಕ್ರಯಪತ್ರ), ಹಿಬಾನಾಮೆ (ದಾನಪತ್ರ), ಮುಖ್ತಿಯಾರ್‌ನಾಮೆ (ಅಧಿಕಾರಪತ್ರ)ಗಳಿಗೆ ಹೆಬ್ಬೆಟ್ಟು ಒತ್ತಿದ. ವರ್ಷ ಹಾಕುತ್ತಿದ್ದದ್ದು ಫಸಲಿಯಲ್ಲಿ. ಹೈದರಾಬಾದಿನ ಫಸಲಿಗೆ 590 ಕೂಡಿಸಿದರೆ ಸರಿಸುಮಾರು ಇಸವಿ ಸಿಗುತ್ತದೆ. ಅಜ್ಜನ ಟ್ರಂಕಿನಿಂದ ಹೊರಬಿದ್ದ ಇಂಥ ಕಾಗದವನ್ನು ಓದಿಸಲು ಹಳೆಯ ಉರ್ದು ಬಲ್ಲವರನ್ನು ಹುಡುಕಬೇಕು. ಆಸ್ಪತ್ರೆಗೆ ದುಡ್ಡು ಹೊಂದಿಸಲು ಹೊಲ ಮಾರಹೊರಟ ಮನೆಯವರಿಗೆ 1954–55ರ ಭೂದಾಖಲೆಯಾದ ಖಾಸ್ರಾ ಪಹಣಿಯಲ್ಲಿ ಯಾರ ಹೆಸರಿದೆ ಎಂಬ ಪ್ರಶ್ನೆ ಎದುರಾಗುವುದೂ ಇದೇ ಹಿನ್ನೆಲೆಯಿಂದ.

ಚಿಕಿತ್ಸೆಯ ಕಡೆ ಹೇಳುವಂಥದ್ದು ಆಗ ಕಡಿಮೆ. ನಾಟಿ ವೈದ್ಯರು, ಹಕೀಮರು, ಹರಕೆ, ಇಷ್ಟೇ. ಈ ಸೀಮೆಯ ಅತಿ ಪ್ರಸಿದ್ಧ ಕಾಯಿಲೆಯ ಕಥೆಯೂ ಹರಿದಾಸರದು. ಹೊಟ್ಟೆನೋವಿನಿಂದ ನರಳುತ್ತಿದ್ದ ಮಾನ್ವಿಯ ಜಗನ್ನಾಥದಾಸರಿಗೆ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ಧಾರೆಯೆರೆದರಂತೆ. 1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ರೈಲುದಾರಿಗಳು ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ ನಗರದ ರೋಗಿಗೆ ಸೊಲ್ಲಾಪುರ, ಮದ್ರಾಸು, ವಾಡಿಯ ಮೇಲೆ ಹೈದರಾಬಾದು ಹತ್ತಿರವಾದವು. ರೈಲು ಕಾಣದ ದೇವದುರ್ಗ, ಮಾನ್ವಿಯ ರೋಗಿಗೆ ರಾಯಚೂರು ತಲುಪುವುದೇ ಒಂದು ಪ್ರಯಾಣವಾಗಿತ್ತು. ದೊಡ್ಡ ಕಾಯಿಲೆಗೆ ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಯ ಕಡೆ ಮುಖ ಮಾಡುವ ರೂಢಿ ನಿಜಾಮರ ಕಾಲದಲ್ಲೇ ಬೇರೂರಿತು. ರಾಜ್ಯದ ಗಡಿ ಬದಲಾದರೂ ರೋಗಿಗಳ ದಾರಿ ಬದಲಾಗಲಿಲ್ಲ.

ಹೈದರಾಬಾದನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಕಾಯ್ದೆಗಳು ಬೇಗ ಬೇಗ ಬಂದವು. 1951ರ ಏಪ್ರಿಲ್ 1ರಿಂದ ಹಲವು ಕೇಂದ್ರ ಕಾಯ್ದೆಗಳು ಹೈದರಾಬಾದ್ ರಾಜ್ಯಕ್ಕೆ ವಿಸ್ತರಿಸಿದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯ ಸೇರಿತು. ಅದೇ ವರ್ಷದ ಎರಡು ಕಾಯ್ದೆಗಳು ಹೆತ್ತವರ ಸ್ಥಿತಿಯನ್ನು ಬದಲಿಸಿದವು. ಉತ್ತರಾಧಿಕಾರ ಕಾಯ್ದೆಯ 30ನೇ ಕಲಮು, ಕೂಡುಕುಟುಂಬದ ಸದಸ್ಯ ತನ್ನ ಅವಿಭಕ್ತ ಪಾಲನ್ನು ಮೃತ್ಯುಪತ್ರದ ಮೂಲಕ ಯಾರಿಗಾದರೂ ಬರೆಯಬಹುದು ಎಂದಿತು. ತಂದೆಯ ಕೈಗೆ ಮೊದಲ ಬಾರಿಗೆ ಒಂದು ಹಿಡಿತ ಸಿಕ್ಕಂತಾಯಿತು. ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮು, ದುಡಿಯಲಾಗದ ಮುದಿ ತಂದೆ ತಾಯಿಯನ್ನು ಸಾಕುವ ಹೊಣೆಯನ್ನು ಮಗನ ಜೊತೆ ಮಗಳ ಮೇಲೂ ಹಾಕಿತು. ಹೊಣೆಯಲ್ಲಿ ಸಮಾನಳಾದ ಮಗಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಸಿಗಲು ಕರ್ನಾಟಕದಲ್ಲಿ 1994ರ ತಿದ್ದುಪಡಿ, ದೇಶಕ್ಕೆ 2005ರ ತಿದ್ದುಪಡಿ ಬರಬೇಕಾಯಿತು.

ಈ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುವ, ಆದರೆ ಚರ್ಚೆಯಾಗದ ಒಂದು ಮಾತಿದೆ. ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮೀಣ ಮೂರೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ನಾಯಕ ಸಮುದಾಯದ ಜನಸಂಖ್ಯೆ ಇಲ್ಲಿ ದೊಡ್ಡದು. 1956ರ ಈ ಎರಡೂ ಕಾಯ್ದೆಗಳು, ಕೇಂದ್ರ ಸರ್ಕಾರ ಪ್ರತ್ಯೇಕ ಅಧಿಸೂಚನೆ ಹೊರಡಿಸದ ಹೊರತು, ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ ಎಂದು ಆ ಕಾಯ್ದೆಗಳ 2ನೇ ಕಲಮೇ ಹೇಳುತ್ತದೆ. ಹಿಂದೂ ಆಚರಣೆಗೆ ಪೂರ್ತಿ ಒಗ್ಗಿಹೋದ ಸಮುದಾಯ ಎಂಬ ಕಾರಣಕ್ಕೆ ನ್ಯಾಯಾಲಯಗಳು ಹಿಂದೂ ಕಾನೂನಿನ ಮೇರೆಗೆ ತೀರ್ಪು ಕೊಟ್ಟದ್ದುಂಟು, ಕೊಡದಿದ್ದದ್ದೂ ಉಂಟು. ಹೀಗಾಗಿ ನಾಯಕರ ಮನೆಯ ಮುದಿ ತಾಯಿಗೆ ಭದ್ರವಾದ ಆಸರೆ ಇರುವುದು ಜಾತಿ ಧರ್ಮ ನೋಡದೆ ಎಲ್ಲರಿಗೂ ಅನ್ವಯಿಸುವ ಕಾಯ್ದೆಗಳಲ್ಲಿ.

ಅಂಥ ಮೊದಲ ಕಾಯ್ದೆ 1973ರ ದಂಡ ಪ್ರಕ್ರಿಯಾ ಸಂಹಿತೆ. 1898ರ ಹಳೆಯ ಸಂಹಿತೆಯಲ್ಲಿ ಹೆಂಡತಿ ಮಕ್ಕಳಿಗೆ ಮಾತ್ರ ಇದ್ದ ಜೀವನಾಂಶ, ಹೊಸದರ 125ನೇ ಕಲಮಿನಲ್ಲಿ ತಂದೆ ತಾಯಿಗೂ ಬಂತು. ತಿಂಗಳಿಗೆ 500 ರೂಪಾಯಿ ಮೀರಬಾರದೆಂಬ ಮಿತಿ 2001ರವರೆಗೂ ಇತ್ತು. ಮದುವೆಯಾಗಿ ಹೋದ ಮಗಳೂ ಕೊಡಬೇಕೆಂದು ಸುಪ್ರೀಂ ಕೋರ್ಟು 1987ರಲ್ಲಿ ವಿಜಯಾ ಮನೋಹರ ಅರ್ಬಟ್ ಪ್ರಕರಣದಲ್ಲಿ ತೀರ್ಪಿತ್ತಿತು. ಈಗ ಅದೇ ವಿಧಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ.

ಕಾಯ್ದೆ ಹೀಗೆ ಬೆಳೆಯುತ್ತಿದ್ದಾಗ ಹೊಲಮನೆಯ ಲೆಕ್ಕವೂ ಬದಲಾಗುತ್ತಿತ್ತು. 1953ರಲ್ಲಿ ತುಂಗಭದ್ರಾ ಜಲಾಶಯ ಆದ ಮೇಲೆ ಎಡದಂಡೆ ಕಾಲುವೆಯ ನೀರು ಮಾನ್ವಿಯ ಕಡೆಗೂ ಹರಿದು, ಜೋಳದ ಹೊಲ ಭತ್ತದ ಗದ್ದೆಯಾಯಿತು. ಬೆಲೆ ಬಂದ ಭೂಮಿಗೆ ವ್ಯಾಜ್ಯವೂ ಬಂತು. ಅಣ್ಣತಮ್ಮಂದಿರು ವಾಟ್ನಿ (ಪಾಲು) ಮಾಡಿಕೊಳ್ಳುವಾಗ ಅಪ್ಪ ಅವ್ವನ ಹೆಸರಿಗೆ ಒಂದಿಷ್ಟು ಎಕರೆ ಬಿಡುವುದು, ಕೊನೆತನಕ ನೋಡಿಕೊಂಡವರಿಗೆ ಅದು ಸೇರುವುದು ಊರೊಪ್ಪಿದ ಕ್ರಮ. ಅಷ್ಟು ಬಿಡುವ ಭೂಮಿ ಇಲ್ಲದ ಕಡೆ ತಿಂಗಳ ಪಾಳಿ ಹಚ್ಚುತ್ತಾರೆ. ಕೆಲವೊಮ್ಮೆ ತಂದೆಯನ್ನು ಒಬ್ಬ ಮಗನಿಗೆ, ತಾಯಿಯನ್ನು ಇನ್ನೊಬ್ಬನಿಗೆ ಹಂಚುತ್ತಾರೆ. ಐವತ್ತು ವರ್ಷ ಕೂಡಿ ಬಾಳಿದವರನ್ನು ಹಾಸಿಗೆ ಹಿಡಿಯುವ ಹೊತ್ತಿಗೆ ಬೇರೆ ಮಾಡುವ ಈ ಏರ್ಪಾಟನ್ನು ಯಾವ ಪಂಚರೂ ಅನ್ಯಾಯವೆಂದು ಕರೆದಂತಿಲ್ಲ. ದೇವದುರ್ಗದ ಕಥೆ ಇನ್ನೊಂದು ಬಗೆ. ಅಲ್ಲಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳು ವರ್ಷದ ಬಹುಭಾಗ ಊರಲ್ಲಿರುವುದಿಲ್ಲ. ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಯ ಮಕ್ಕಳು. ಪಾಲು ಕೊಟ್ಟರೂ ನೋಡಿಕೊಳ್ಳುವ ಕೈ ಊರಲ್ಲಿಲ್ಲ.

ಸರ್ಕಾರ ಈ ಜಾಗ ತುಂಬಲು ಬಂದದ್ದು ತಡವಾಗಿ, ಚೂರು ಚೂರಾಗಿ. 1960ರ ದಶಕದಲ್ಲಿ ವೃದ್ಧಾಪ್ಯ ವೇತನ, 2007ರಲ್ಲಿ ಸಂಧ್ಯಾ ಸುರಕ್ಷಾ. ರಾಯಚೂರು ನಗರದಲ್ಲಿ ನವೋದಯ ವೈದ್ಯಕೀಯ ಕಾಲೇಜು 2001ರಲ್ಲಿ, ಸರ್ಕಾರದ ರಿಮ್ಸ್ 2007ರಲ್ಲಿ ಆರಂಭವಾದವು. ತೈಲ ರಾಷ್ಟ್ರಗಳ ನಿಧಿಯ ನೆರವಿನಿಂದ ಕಟ್ಟಿದ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಜನ ಇಂದಿಗೂ ಒಪೆಕ್ ಎಂದೇ ಕರೆಯುತ್ತಾರೆ. ಕೆಲವು ವರ್ಷ ಅದನ್ನು ಅಪೋಲೊ ಸಂಸ್ಥೆ ನಡೆಸಿತು. ಬಡವರ ದೊಡ್ಡ ಚಿಕಿತ್ಸೆಯ ವೆಚ್ಚ ಭರಿಸುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಜಾರಿಯಾದದ್ದು ರಾಯಚೂರು ಸೇರಿದ ಕಲಬುರಗಿ ವಿಭಾಗದಲ್ಲೇ. 2018ರಲ್ಲಿ ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬೆರೆತು, ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದಾಯಿತು. ಇಷ್ಟಾದರೂ ಕೊರತೆ ತೀರಿಲ್ಲ ಎಂಬುದಕ್ಕೆ, ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ 13ರಂದು ಕುಳಿತ ಧರಣಿ ಸಾವಿರ ದಿನ ದಾಟಿದ್ದೇ ಸಾಕ್ಷಿ.

ಪಾಲು ಮತ್ತು ಆರೈಕೆಯ ಹಳೆಯ ಒಪ್ಪಂದಕ್ಕೆ ಕಾಯ್ದೆಯ ರೂಪ ಕೊಟ್ಟದ್ದು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಕರ್ನಾಟಕದಲ್ಲಿ ಅದು 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅರ್ಜಿ ಕೊಡಬೇಕಾದದ್ದು ಕೋರ್ಟಿಗಲ್ಲ, ಉಪವಿಭಾಗಾಧಿಕಾರಿಗೆ. ಜನರ ಬಾಯಲ್ಲಿ ಎ.ಸಿ. ಸಾಹೇಬರಿಗೆ. ಜಿಲ್ಲೆಯಲ್ಲಿ ಉಪವಿಭಾಗಗಳು ಎರಡು, ರಾಯಚೂರು ಮತ್ತು ಲಿಂಗಸುಗೂರು. ಜೀವನಾಂಶ ತಿಂಗಳಿಗೆ 10,000 ರೂಪಾಯಿವರೆಗೆ ಸಿಗಬಹುದು. ಮೇಲ್ಮನವಿ ಜಿಲ್ಲಾಧಿಕಾರಿಗೆ. ಅದಕ್ಕೂ ಮೇಲೆ ಹೋಗಬೇಕೆಂದರೆ ಹಿಂದೆ ಬೆಂಗಳೂರಿಗೆ ಹೋಗಬೇಕಿತ್ತು; 2008ರ ಜುಲೈನಿಂದ ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ.

ಈ ಕಾಯ್ದೆಯ 23ನೇ ಕಲಮಿನ ಸುತ್ತ ಇತ್ತೀಚಿನ ವ್ಯಾಜ್ಯಗಳೆಲ್ಲ ತಿರುಗುತ್ತಿವೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರ ರದ್ದಾಗುತ್ತದೆ. ಷರತ್ತು ಪತ್ರದಲ್ಲೇ ಬರೆದಿರಬೇಕೇ? ಅಂಥ ಷರತ್ತು ಇತ್ತೆಂಬುದು ಸ್ಥಾಪಿತವಾಗಲೇಬೇಕೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, ಕಾಯ್ದೆ ಹಿರಿಯರ ರಕ್ಷಣೆಗಾಗಿ ಇರುವುದರಿಂದ ಉದಾರವಾಗಿ ಅರ್ಥಮಾಡಬೇಕು ಎಂದು ತಾಯಿಯ ಪರ ನಿಂತಿತು. ಮಕ್ಕಳಿಗೆ ಕೊಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ತೀರ ಕಡಿಮೆ ಇರುವ ಕರ್ನಾಟಕದಲ್ಲಿ, ಕಾಯಿಲೆ ಬಿದ್ದ ತಕ್ಷಣ ಮೃತ್ಯುಪತ್ರದ ಬದಲು ದಾನಪತ್ರ ಮಾಡಿಸುವ ಅವಸರ ಹೆಚ್ಚು. ವ್ಯತ್ಯಾಸ ಚಿಕ್ಕದಲ್ಲ: ಮೃತ್ಯುಪತ್ರವನ್ನು ಬರೆದವರು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ದಾನಪತ್ರ ನೋಂದಣಿಯಾದ ದಿನವೇ ಆಸ್ತಿ ಕೈಬಿಡುತ್ತದೆ. ಹಾಸಿಗೆಯಿಂದ ಏಳಲಾಗದವರ ಮನೆಗೇ ಸಬ್‌ರಿಜಿಸ್ಟ್ರಾರ್ ಬಂದು ನೋಂದಣಿ ಮಾಡಲು 1908ರ ನೋಂದಣಿ ಕಾಯ್ದೆಯಲ್ಲೇ ಅವಕಾಶವಿದೆ.

2025ರಲ್ಲಿ ವೈದ್ಯಕೀಯ ಶಿಕ್ಷಣ ಸಚಿವ, ರಾಯಚೂರು ಜಿಲ್ಲಾ ಉಸ್ತುವಾರಿಯೂ ಆಗಿದ್ದ ಡಾ. ಶರಣಪ್ರಕಾಶ ಪಾಟೀಲ, ಆಸ್ತಿ ಬರೆಸಿಕೊಂಡು ಹೆತ್ತವರನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟುಹೋಗುವವರ ವಿರುದ್ಧ ಇದೇ ಕಾಯ್ದೆ ಬಳಸುವಂತೆ ಸೂಚಿಸಿದರು. ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಒಂದರಲ್ಲೇ ಇಂಥ 150ಕ್ಕೂ ಹೆಚ್ಚು ಪ್ರಕರಣಗಳ ಮಾತು ಆಗ ಬಂದಿತ್ತು.

ಇಷ್ಟೆಲ್ಲದರಲ್ಲಿ ರೋಗಿಯ ಮೈಗೆ ಸಂಬಂಧಿಸಿದ ಕಾಗದ ಒಂದೂ ಇರಲಿಲ್ಲ. ಮಕ್ಕಳ ಹೆಸರಿಗೆ ವಟಮುಖತ್ಯಾರ (ಅಧಿಕಾರಪತ್ರ) ಬರೆದಿದ್ದರೂ, ಬರೆದವರು ಬುದ್ಧಿಸ್ವಾಧೀನ ಕಳೆದುಕೊಂಡ ಗಳಿಗೆಗೆ ಅದು ಬಿದ್ದುಹೋಗುತ್ತದೆ. ಬೇಕಾದ ಹೊತ್ತಿಗೇ ಕೆಲಸಕ್ಕೆ ಬಾರದು. ಪ್ರಜ್ಞೆ ತಪ್ಪಿದ ತಂದೆಯ ಬ್ಯಾಂಕ್ ಖಾತೆಯಿಂದ ಅವನದೇ ಚಿಕಿತ್ಸೆಗೆ ಹಣ ತೆಗೆಯಲು ಮಕ್ಕಳು ಪಾಲಕರಾಗಿ ನೇಮಕವಾಗಬೇಕೆಂದು ಹೈಕೋರ್ಟಿಗೆ ಹೋಗಬೇಕಾಗಬಹುದು. ಚಿಕಿತ್ಸೆ ಎಲ್ಲಿಯವರೆಗೆ ಎಂಬ ಪ್ರಶ್ನೆ ದೇಶದ ಮುಂದೆ ಬಂದದ್ದು ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರಿಂದ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ನರ್ಸಾಗಿದ್ದ ಅವರು 1973ರ ಹಲ್ಲೆಯ ನಂತರ 2015ರವರೆಗೆ ಹಾಸಿಗೆಯಲ್ಲಿದ್ದರು. ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪಿತ್ತಿತು; ಕಾಮನ್ ಕಾಸ್ ಪ್ರಕರಣದಲ್ಲಿ 2018ರ ಮಾರ್ಚ್ 9ರಂದು, ಗುಣವಾಗದ ಸ್ಥಿತಿಯಲ್ಲಿ ಯಂತ್ರಗಳ ಆಸರೆ ಬೇಡವೆಂದು ಮುಂಚೆಯೇ ಬರೆದಿಡುವ ಹಕ್ಕನ್ನು ಒಪ್ಪಿತು. ಇದೇ ಹಕ್ಕಿಗಾಗಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ವರ್ಷಗಟ್ಟಲೆ ಹೋರಾಡಿದ್ದರು.

2018ರ ಕ್ರಮ ಹಳ್ಳಿಗರಿಗೆ ಎಟುಕುವಂತಿರಲಿಲ್ಲ. ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿ 24ರಂದು ನ್ಯಾಯಾಲಯ ಅದನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ತನ್ನ ಪರವಾಗಿ ನಿರ್ಧರಿಸುವವರ ಹೆಸರು ಅದರಲ್ಲಿರಬೇಕು. ಅದನ್ನು ನಡೆಸುವ ಮುನ್ನ ಆಸ್ಪತ್ರೆಯ ಮೂವರು ವೈದ್ಯರ ಮಂಡಳಿ, ನಂತರ ಜಿಲ್ಲಾ ವೈದ್ಯಾಧಿಕಾರಿ ಹೆಸರಿಸಿದ ವೈದ್ಯರಿರುವ ಎರಡನೆಯ ಮಂಡಳಿ ಒಪ್ಪಬೇಕು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಈ ಕ್ರಮವನ್ನು ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು.

ರಾಯಚೂರು ಸೀಮೆಯ ಮಟ್ಟಿಗೆ ಇಂಥ ಮಂಡಳಿಗಳಿಗೆ ಬೇಕಾದಷ್ಟು ತಜ್ಞರು ಸಿಗುವುದು ನಗರದ ಬೋಧನಾ ಆಸ್ಪತ್ರೆಗಳಲ್ಲಿ. ಪತ್ರ ಬರೆದಿಡಲು ಮಾತ್ರ ನಗರಕ್ಕೆ ಹೋಗಬೇಕಿಲ್ಲ, ತಾಲ್ಲೂಕು ಕೇಂದ್ರದ ನೋಟರಿಯೇ ಸಾಕು. ಮೃತ್ಯುಪತ್ರಕ್ಕೂ ಬೇಕಾದದ್ದು ಇಬ್ಬರೇ ಸಾಕ್ಷಿಗಳು, ಅದರ ನೋಂದಣಿಯೂ ಕಡ್ಡಾಯವಲ್ಲ. ಎರಡನ್ನೂ ಬರೆಯುವವರು ಬುದ್ಧಿಸ್ವಾಧೀನದಲ್ಲಿರುವಾಗಲೇ ಬರೆದಿರಬೇಕು; ಬೇರೆ ಯಾವ ಕೊರತೆಯನ್ನು ಆಮೇಲೆ ತುಂಬಿಕೊಂಡರೂ ಇದೊಂದನ್ನು ತುಂಬಿಕೊಳ್ಳಲಾಗದು.